ರೆಕ್ಕೆಯ ಮೇಲಿನ ಮಂಜಿಗೆ ಎಷ್ಟು ಖರ್ಚು?



ನಮ್ಮ ಶಿಕಾಗೋ, ಡೆಟ್ರಾಯಿಟ್ ಕಡೆಯವರಿಗೆ ಚಳಿಗಾಲದ ಬೆಳಗಿನ ಮೊದಲ ಕೆಲಸ ಯಾವುದೆಂದು ಹೇಳಬೇಕಾಗಿಲ್ಲ. ಕಾಫಿಗೆ ಮುಂಚೆಯೇ ಕಾರಿನ ಗಾಜು ಕೆರೆಯುವುದು. ಕೈಗವಸು ಹಾಕಿಕೊಂಡು, ಪ್ಲಾಸ್ಟಿಕ್ ಕೆರೆಗತ್ತಿ ಹಿಡಿದು, ಎದುರಿಗೆ ಎರಡು ಕಣ್ಣಿಗೆ ಕಾಣುವಷ್ಟು ಜಾಗ ಮಾಡಿಕೊಂಡು ಹೊರಟುಬಿಡುತ್ತೇವೆ. ಮಿಕ್ಕಿದ್ದು ದಾರಿಯಲ್ಲಿ ಕರಗುತ್ತದೆ ಎಂಬ ಧೈರ್ಯ. ಇದೇ ಧೈರ್ಯವನ್ನು ನಾನು ಒಮ್ಮೆ ವಿಮಾನದ ಪಕ್ಕದಲ್ಲಿ ನಿಂತು ತೋರಿಸಿದೆ. ಅದಾದ ಮೇಲೆ ಓದಿ, ಕೇಳಿ, ತಿಳಿದುಕೊಂಡದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ನಾನು ಪೈಲಟ್ ಅಲ್ಲ, ಕನ್ನಡ ಎಂ.ಎ. ಮಾಡಿದ ಗೃಹಿಣಿ. ಆದ್ದರಿಂದ ಅಡಿಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ, ತಾಂತ್ರಿಕರು ಕ್ಷಮಿಸಬೇಕು.

ನಮ್ಮ ಕನ್ನಡ ಕೂಟದ ಗೆಳತಿಯೊಬ್ಬಳ ಯಜಮಾನರಿಗೆ ವಿಮಾನ ಹಾರಿಸುವ ಹವ್ಯಾಸ. ವೃತ್ತಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರು. ಇನ್ನೂ ಮೂವರ ಜೊತೆ ಪಾಲು ಹಾಕಿ ಒಂದು ಹಳೆಯ ಸೆಸ್ನಾ 172 ಇಟ್ಟುಕೊಂಡಿದ್ದಾರೆ. ಒಂದೇ ಎಂಜಿನ್ನು, ನಾಲ್ಕು ಸೀಟು, ರೆಕ್ಕೆ ಮೇಲೆ, ಮುಂದೆ ಫ್ಯಾನು. 1956ರಿಂದ ಮಾರಾಟದಲ್ಲಿರುವ, ಜಗತ್ತಿನಲ್ಲೇ ಅತಿ ಹೆಚ್ಚು ತಯಾರಾದ ವಿಮಾನ ಅದು. ಕೂಟದಲ್ಲಿ ಅವರನ್ನು ಎಲ್ಲರೂ ಪೈಲಟ್ ರಾಯರು ಅಂತಲೇ ಕರೆಯುವುದು. ನಾನೂ ಹಾಗೇ ಕರೆಯುತ್ತೇನೆ.

ಒಂದು ಜನವರಿ, ಸಂಕ್ರಾಂತಿ ಕಳೆದ ಮುಂದಿನ ಶನಿವಾರ. ಡೆಟ್ರಾಯಿಟ್ ಪಕ್ಕದ ನೋವೈನಲ್ಲಿ ಗೆಳತಿಯ ತಮ್ಮನ ಹೆಂಡತಿಗೆ ಸೀಮಂತ. (ಊರಿನ ಹೆಸರು ಮಾತ್ರ ನೋವೈ, ಅಲ್ಲಿರುವ ಕನ್ನಡದವರೆಲ್ಲ ಸುಖವಾಗಿದ್ದಾರೆ.) ಆ ಹುಡುಗಿಯ ತಾಯಿಗೆ ವೀಸಾ ಸಿಗದೆ ಬರಲಾಗಿರಲಿಲ್ಲ. ಆರತಿ ಹಾಡು, ಬಳೆ ತೊಡಿಸುವುದು, ಮಡಿಲು ತುಂಬುವುದು ಎಲ್ಲ ನನ್ನ ಪಾಲಿಗೆ ಬಂದಿತ್ತು. ಮುಹೂರ್ತ ಬೆಳಿಗ್ಗೆ 11ಕ್ಕೆ. ಕಾರಿನಲ್ಲಿ ಹೋದರೆ ಐದು ಗಂಟೆಯ ಹಾದಿ, ಸೆಸ್ನಾದಲ್ಲಾದರೆ ಸರೋವರದ ದಕ್ಷಿಣ ತುದಿಯನ್ನು ಸುತ್ತಿಕೊಂಡು ಎರಡು ಕಾಲು ಗಂಟೆ. "ಅಕ್ಕ, ವಿಮಾನದಲ್ಲೇ ಹೋಗೋಣ, ಬೆಳಿಗ್ಗೆ ಆರಾಮಾಗಿ ಹೊರಟರೆ ಸಾಕು" ಅಂದಳು ಗೆಳತಿ. ಹಸಿರು ಬಳೆ, ಕುಪ್ಪಸದ ಕಣ, ಕೊಬ್ಬರಿ ಮಿಠಾಯಿ ಡಬ್ಬಿ ಎಲ್ಲ ಕಟ್ಟಿಕೊಂಡು ಬೆಳಿಗ್ಗೆ ಆರೂ ಕಾಲಿಗೆ ಸಣ್ಣ ವಿಮಾನ ನಿಲ್ದಾಣಕ್ಕೆ ಹೋದೆವು.

ಇನ್ನೂ ಕತ್ತಲು. ಆಕಾಶ ತುಂಬ ನಕ್ಷತ್ರ, ಗಾಳಿ ಇಲ್ಲ, ಒಂದು ಹನಿ ಹಿಮ ಬಿದ್ದಿಲ್ಲ. ನಾನಂತೂ ಪ್ರಶಸ್ತವಾದ ದಿನ ಅಂದುಕೊಂಡೆ. ರಾಯರು ಏಣಿ ಹತ್ತಿ ರೆಕ್ಕೆಯ ಮೇಲೆ ಟಾರ್ಚ್ ಬಿಟ್ಟರು, ಕೈಗವಸು ತೆಗೆದು ಬರಿಗೈಯಲ್ಲಿ ಸವರಿದರು, ಸುಮ್ಮನಾದರು. ನಾನೂ ಏಣಿ ಹತ್ತಿ ನೋಡಿದೆ. ರೆಕ್ಕೆಯ ಮೇಲೆಲ್ಲ ತೆಳ್ಳಗೆ ಬೆಳ್ಳಗೆ, ರವೆ ಉದುರಿಸಿದ ಹಾಗೆ, ಫ್ರಾಸ್ಟ್ ಕೂತಿತ್ತು.

ಈ ಫ್ರಾಸ್ಟ್‌ಗೆ ಕನ್ನಡದಲ್ಲಿ ಬಳಕೆಯ ಮಾತೊಂದು ನನಗೆ ಹೊಳೆಯುವುದಿಲ್ಲ. ಇಬ್ಬನಿ ಇದೆ, ಮಂಜು ಇದೆ, ಹಿಮ ಇದೆ, ಆಲಿಕಲ್ಲು ಇದೆ. ಇದು ಹೆಪ್ಪುಗಟ್ಟಿದ ತೇವ. ಮೋಡವಿಲ್ಲದ ರಾತ್ರಿಯಲ್ಲಿ ರೆಕ್ಕೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯಲ್ಲಿದ್ದ ತೇವ ಅದರ ಮೇಲೆ ಬಂದು ಕೂತು ಗಟ್ಟಿಯಾಗುತ್ತದೆ. ಹಾಗಾಗಿ ಥರ್ಮಾಮೀಟರಿನಲ್ಲಿ 32 ಡಿಗ್ರಿ ಫ್ಯಾರನ್‌ಹೀಟಿಗಿಂತ ಸ್ವಲ್ಪ ಮೇಲಿದ್ದರೂ ರೆಕ್ಕೆಯ ಮೇಲೆ ಫ್ರಾಸ್ಟ್ ಇರಬಹುದು. ನನಗೆ ಪ್ರಶಸ್ತವಾಗಿ ಕಂಡ ಆ ನಿರ್ಮಲ ಆಕಾಶವೇ ಅದಕ್ಕೆ ಕಾರಣ.

ಅದನ್ನು ತೆಗೆಯುವುದಕ್ಕೆ ಇಲ್ಲಿ ಡಿ-ಐಸಿಂಗ್ ಅನ್ನುತ್ತಾರೆ. ದೃಷ್ಟಿ ತೆಗೆಯುವುದು, ಸಿಪ್ಪೆ ಬಿಡಿಸುವುದು ಅಂದ ಹಾಗೆ ನಾನದನ್ನು "ಮಂಜು ಬಿಡಿಸುವುದು" ಅನ್ನುತ್ತೇನೆ.

ನಿಲ್ದಾಣದ ಸೇವಾ ಕಚೇರಿಗೆ ರಾಯರು ಫೋನ್ ಮಾಡಿದರು. ಮಂಜು ಬಿಡಿಸುವ ಗಾಡಿಯನ್ನು ಕರೆಸಲು 100 ಡಾಲರ್, ಅದರ ಮೇಲೆ ದ್ರವಕ್ಕೆ ಗ್ಯಾಲನ್ನಿಗೆ 16 ಡಾಲರ್. ಅವರ ವಿಮಾನದ ರೆಕ್ಕೆ, ಬಾಲ ಎಲ್ಲ ತೊಳೆಯಲು 15 ಗ್ಯಾಲನ್ ಅಂದರೂ 240. ಒಟ್ಟು 340 ಡಾಲರ್. ಆ ದಿನ ನೋವೈ ತನಕ ಬೇಕಾಗಿದ್ದ ಪೆಟ್ರೋಲು ಸುಮಾರು 20 ಗ್ಯಾಲನ್, ಗ್ಯಾಲನ್ನಿಗೆ 7 ಡಾಲರಿನಂತೆ 140. ಹಾರುವುದಕ್ಕಿಂತ ಒರೆಸುವುದಕ್ಕೇ ಎರಡೂವರೆ ಪಟ್ಟು!

ನನ್ನ ಬಾಯಿ ಸುಮ್ಮನಿರಲಿಲ್ಲ. "ಅಯ್ಯೋ ರಾಯರೇ, ಇಷ್ಟಕ್ಕೆ ಮುನ್ನೂರ ನಲವತ್ತಾ? ಒಂದು ಬಟ್ಟೆ ಕೊಡಿ, ನಾವಿಬ್ಬರೂ ಒರೆಸಿಬಿಡ್ತೀವಿ. ಸ್ವಲ್ಪ ಉಳಿದರೆ ಮೇಲೆ ಹೋದಾಗ ಗಾಳಿಗೆ ಹಾರಿ ಹೋಗಲ್ವಾ? ಮುಹೂರ್ತ ಬೇರೆ ತಪ್ಪಿಹೋಗತ್ತೆ" ಅಂದೆ.

ರಾಯರು ಕೂಡಲೇ ಉತ್ತರ ಕೊಡಲಿಲ್ಲ. ಆ ಕ್ಷಣದ ಮೌನ ಏನೆಂದು ನನಗೆ ಆಗ ಗೊತ್ತಾಗಲಿಲ್ಲ. ಆಮೇಲೆ ಹೇಳುತ್ತೇನೆ.

ಮೊದಲು, ಆ ರವೆಯಷ್ಟು ಫ್ರಾಸ್ಟ್ ಏನು ಮಾಡುತ್ತದೆ ನೋಡೋಣ. ವಿಮಾನ ಮೇಲೇಳುವುದು ರೆಕ್ಕೆಯ ಮೇಲ್ಮೈಗೆ ಗಾಳಿ ಅಂಟಿಕೊಂಡಂತೆ ನಯವಾಗಿ ಹರಿದಾಗ. ಮೇಲ್ಮೈ ಒರಟಾದರೆ ಗಾಳಿ ಬೇಗ ಕಿತ್ತುಕೊಂಡು ಚೆದುರುತ್ತದೆ, ಎತ್ತುವ ಬಲ ಕುಸಿಯುತ್ತದೆ. ವಿಮಾನಯಾನದ ಸರಕಾರಿ ಸಂಸ್ಥೆಯಾದ ಎಫ್‌ಎಎ ಹೇಳುವ ಪ್ರಕಾರ, ಮರಳು ಕಾಗದದಷ್ಟು ಒರಟಾದ ಫ್ರಾಸ್ಟು ಎತ್ತುವ ಬಲವನ್ನು ನೂರಕ್ಕೆ 30ರಷ್ಟು ಕಡಿಮೆ ಮಾಡಬಲ್ಲದು, ಹಿಂದಕ್ಕೆಳೆಯುವ ಬಲವನ್ನು ನೂರಕ್ಕೆ 40ರಷ್ಟು ಹೆಚ್ಚಿಸಬಲ್ಲದು. ಅಪಘಾತಗಳನ್ನು ತನಿಖೆ ಮಾಡುವ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, 2004ರ ಡಿಸೆಂಬರಿನಲ್ಲಿ ಪೈಲಟ್ಟರಿಗೆಲ್ಲ ಒಂದು ಎಚ್ಚರಿಕೆ ಕಳಿಸಿತು. ಅಡಿಗೆ ಉಪ್ಪಿನ ಕಾಳಿನಷ್ಟು ಸಣ್ಣ ಮಂಜಿನ ಕಣಗಳು, ಒಂದು ಚದರ ಸೆಂಟಿಮೀಟರಿಗೆ ಒಂದರಂತೆ ವಿರಳವಾಗಿ ಹರಡಿದ್ದರೂ ಸಾಕು, ವಿಮಾನ ಮೇಲೇಳದಂತೆ ಮಾಡಬಹುದು ಎಂದು. ನಾವು ಮೊಸರನ್ನಕ್ಕೆ ಉದುರಿಸುವ ಉಪ್ಪು ಅದಕ್ಕಿಂತ ದಟ್ಟವಾಗಿರುತ್ತದೆ!

ಇನ್ನೊಂದು ಮೋಸವಿದೆ. ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಮುಂಚೆ ಪೈಲಟ್ಟಿಗೆ ಎಚ್ಚರಿಕೆಯ ಸದ್ದು ಕೇಳಿಸಬೇಕು. ಆ ಎಚ್ಚರಿಕೆಯನ್ನು ಹೊಂದಿಸಿರುವುದು ಶುಭ್ರವಾದ ರೆಕ್ಕೆಗೆ. ಒರಟಾದ ರೆಕ್ಕೆ ಆ ಸದ್ದು ಬರುವುದಕ್ಕೆ ಮುಂಚೆಯೇ ಕೈಕೊಡಬಹುದು. "ಗಾಳಿಗೆ ಹಾರಿಹೋಗುತ್ತದೆ" ಎಂದಿದ್ದೆನಲ್ಲ, ಅದೂ ತಪ್ಪು. ಫ್ರಾಸ್ಟ್ ಲೋಹಕ್ಕೆ ಅಂಟಿಕೊಂಡಿರುತ್ತದೆ, ಉದುರುವುದಿಲ್ಲ.

ಎನ್‌ಟಿಎಸ್‌ಬಿ ಆ ಎಚ್ಚರಿಕೆ ಕೊಡುವುದಕ್ಕೆ ಒಂದು ತಿಂಗಳು ಮುಂಚೆ, 2004ರ ನವೆಂಬರ್ 28ರಂದು, ಕೊಲರಾಡೋದ ಮಾಂಟ್ರೋಸ್‌ನಲ್ಲಿ ಒಂದು ಖಾಸಗಿ ಜೆಟ್ ಮೇಲೇಳುವಾಗಲೇ ಬಿತ್ತು. ಹೊರಟಿದ್ದು ನಮ್ಮ ಪಕ್ಕದ ಇಂಡಿಯಾನಾದ ಸೌತ್ ಬೆಂಡಿಗೆ. ಅದರಲ್ಲಿದ್ದವರು ಎನ್‌ಬಿಸಿ ದೂರದರ್ಶನದ ಕ್ರೀಡಾ ವಿಭಾಗದ ಮುಖ್ಯಸ್ಥರಾಗಿದ್ದ ಡಿಕ್ ಎಬರ್ಸೋಲ್ ಮತ್ತು ಅವರ ಇಬ್ಬರು ಮಕ್ಕಳು. 14 ವರ್ಷದ ಕಿರಿಯ ಮಗ, ಕ್ಯಾಪ್ಟನ್, ವಿಮಾನ ಪರಿಚಾರಕ, ಮೂವರು ತೀರಿಹೋದರು. ರೆಕ್ಕೆಯ ಮೇಲೆ ಮಂಜಿಲ್ಲವೆಂದು ಪೈಲಟ್ಟರು ಖಚಿತಪಡಿಸಿಕೊಳ್ಳದೆ ಹೋದದ್ದೇ ಕಾರಣವೆಂದು ತನಿಖೆ ಹೇಳಿತು. ಆ ವಿಮಾನಕ್ಕೆ ಮಂಜು ಬಿಡಿಸಿರಲಿಲ್ಲ.

ಈಗ ಬಿಲ್ಲಿನ ವಿಷಯಕ್ಕೆ ಬರೋಣ. ಗ್ಯಾಲನ್ನಿಗೆ 16 ಡಾಲರ್ ತೆಗೆದುಕೊಳ್ಳುವ ಆ ದ್ರವ ಏನು?

ಹಳೆಯ ಕಾಲದಲ್ಲಿ ಕೈಯಿಂದ ಐಸ್‌ಕ್ರೀಮ್ ತಿರುಗಿಸುವಾಗ ಹೊರಗಿನ ಬಕೆಟ್ಟಿನ ಐಸಿಗೆ ಕಲ್ಲುಪ್ಪು ಹಾಕುತ್ತಿದ್ದರು. ಉಪ್ಪು ಬೆರೆತ ನೀರು ಹೆಪ್ಪುಗಟ್ಟಲು ಇನ್ನೂ ಹೆಚ್ಚು ಚಳಿ ಬೇಕು. ನಮ್ಮ ರಸ್ತೆಗೆ ಉಪ್ಪು ಚೆಲ್ಲುವುದೂ ಇದಕ್ಕೇ. ವಿಮಾನಕ್ಕೆ ಉಪ್ಪು ಹಾಕಿದರೆ ಲೋಹ ತಿಂದುಹೋಗುತ್ತದೆ, ಅದಕ್ಕೇ ಅಲ್ಲಿ ಗ್ಲೈಕಾಲ್. ಹೆಚ್ಚಾಗಿ ಬಳಸುವುದು ಪ್ರೊಪಿಲೀನ್ ಗ್ಲೈಕಾಲ್. ನಾವು ಕೇಕಿಗೆ ಹಾಕುವ ಎಷ್ಟೋ ಎಸೆನ್ಸು, ಬಣ್ಣಗಳ ಶೀಶೆಯ ಮೇಲೆ ಇದೇ ಹೆಸರನ್ನು ಓದಬಹುದು. ಅದರ ದಾಯಾದಿ ಎಥಿಲೀನ್ ಗ್ಲೈಕಾಲ್ ಮಾತ್ರ ವಿಷ, ರುಚಿಗೆ ಸಿಹಿ. ಕಾರಿನ ಆಂಟಿಫ್ರೀಜ್ ಡಬ್ಬಿಯನ್ನು ಮಕ್ಕಳಿಗೆ, ನಾಯಿಗೆ ಸಿಗದ ಕಡೆ ಇಡಿ ಎನ್ನುವುದು ಅದಕ್ಕೇ.

ವಿಮಾನಕ್ಕೆ ಹಾಕುವ ದ್ರವದಲ್ಲಿ ನಾಲ್ಕು ಬಗೆ. ಮೊದಲ ಬಗೆ, ಟೈಪ್ ಒಂದು, ತೆಳು, ಕಿತ್ತಳೆ ಬಣ್ಣ. ನೀರು ಬೆರೆಸಿ, ಕೈಸುಡುವಷ್ಟು ಬಿಸಿಮಾಡಿ, ರಭಸದಿಂದ ಚಿಮ್ಮಿಸಿದರೆ ಕೂತಿರುವ ಮಂಜು ಕರಗಿ ಕೊಚ್ಚಿಹೋಗುತ್ತದೆ. ನಾಲ್ಕನೆಯ ಬಗೆ ಹಸಿರು, ಗಟ್ಟಿ ಗಂಜಿಯ ಹಾಗೆ. ಅದು ಬಿಡಿಸುವುದಕ್ಕಲ್ಲ, ಹೊಸ ಮಂಜು ಹಿಡಿಯದಂತೆ ಸ್ವಲ್ಪ ಹೊತ್ತು ಕಾಯುವುದಕ್ಕೆ. ಒಹೇರ್‌ನಲ್ಲೋ ಡೆಟ್ರಾಯಿಟ್ ಮೆಟ್ರೋದಲ್ಲೋ ದೊಡ್ಡ ವಿಮಾನದ ಕಿಟಕಿಯಿಂದ ನೀವು ಕಿತ್ತಳೆ, ಹಸಿರು ಎರಡನ್ನೂ ನೋಡಿರುತ್ತೀರಿ. ಆ ಹಸಿರು ಲೇಪ ವಿಮಾನ ವೇಗವಾಗಿ ಓಡುವಾಗ ಗಾಳಿಗೆ ಜಾರಿಹೋಗಬೇಕು. ಅದಕ್ಕೆ ನೆಲ ಬಿಡುವಾಗ ಸುಮಾರು 100 ನಾಟ್ ವೇಗವಾದರೂ ಬೇಕು. ಸೆಸ್ನಾ 172 ನೆಲ ಬಿಡುವುದೇ 55ರ ಆಸುಪಾಸಿನಲ್ಲಿ. ಹಾಗಾಗಿ ಆ ಸಣ್ಣ ವಿಮಾನಕ್ಕೆ ಹಸಿರು ದ್ರವ ಸಲ್ಲದು, ಲೇಪವೇ ಮಂಜಿನಷ್ಟು ತೊಂದರೆ ಕೊಡುತ್ತದೆ. ಕಿತ್ತಳೆ ದ್ರವದಲ್ಲೇ ಸುಧಾರಿಸಬೇಕು. ಆದರೆ ಹಿಮ ಬೀಳುತ್ತಿದ್ದರೆ ಕಿತ್ತಳೆಯ ರಕ್ಷಣೆ ಕೆಲವೇ ನಿಮಿಷ.

ಈ ನಿಮಿಷಗಳ ಲೆಕ್ಕ ತಪ್ಪಿದರೆ ಕೊಟ್ಟ ದುಡ್ಡೂ ಹೋಯಿತು. 1982ರ ಜನವರಿ 13ರಂದು ವಾಷಿಂಗ್‌ಟನ್‌ನಲ್ಲಿ ಏರ್ ಫ್ಲೋರಿಡಾ ವಿಮಾನಕ್ಕೆ ಮಂಜು ಬಿಡಿಸಿದ್ದರು. ಆಮೇಲೆ ಹಿಮ ಬೀಳುತ್ತಿರುವಾಗಲೇ ಅದು 49 ನಿಮಿಷ ಕಾಯಿತು. ಎಂಜಿನ್ನಿಗೆ ಮಂಜು ಹಿಡಿಯದಂತೆ ನೋಡಿಕೊಳ್ಳುವ ಸ್ವಿಚ್ಚನ್ನೂ ಹಾಕಿರಲಿಲ್ಲ. ಮೇಲೆದ್ದ ಕೂಡಲೇ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಜನ ಸತ್ತರು. ಹತ್ತು ವರ್ಷದ ಮೇಲೆ, 1992ರ ಮಾರ್ಚಿನಲ್ಲಿ, ನ್ಯೂಯಾರ್ಕಿನ ಲಗಾರ್ಡಿಯಾದಲ್ಲಿ ಇದೇ ಬಗೆಯ ದುರಂತ, 27 ಸಾವು. ಆ ನಂತರವೇ ಎಫ್‌ಎಎ ದೊಡ್ಡ ವಿಮಾನ ಕಂಪನಿಗಳಿಗೆ ಬಿಗಿಯಾದ ನಿಯಮ ತಂದದ್ದು. ಯಾವ ದ್ರವ, ಯಾವ ಹವೆ, ಎಷ್ಟು ನಿಮಿಷ ಎಂಬ ಪಟ್ಟಿ ಪ್ರತಿ ಚಳಿಗಾಲಕ್ಕೂ ಹೊಸದಾಗಿ ಬರುತ್ತದೆ. ಇನ್ನು ಮುಂದೆ ಒಹೇರ್‌ನಲ್ಲಿ ಕನೆಕ್ಷನ್ ತಪ್ಪುತ್ತದೆಂದು ಗೊಣಗುವಾಗ ಇದು ನೆನಪಿರಲಿ.

ಹಾಗಾದರೆ ದುಡ್ಡು ಏಕೆ ಅಷ್ಟು? ದ್ರವದ ಬೆಲೆ ಒಂದು ಭಾಗ. ಅದನ್ನು ಬಿಸಿಯಾಗಿ ಇಡುವ ಗಾಡಿ, ಎತ್ತರಕ್ಕೆ ಏರುವ ತೊಟ್ಟಿಲು, ತರಬೇತಿ ಪಡೆದ ಜನ, ಇವೆಲ್ಲ ವರ್ಷದಲ್ಲಿ ನಾಲ್ಕೈದು ತಿಂಗಳ ಕೆಲಸಕ್ಕೆ. ದ್ರವ ಎಲ್ಲೆಂದರಲ್ಲಿ ಚಿಮ್ಮುವಂತಿಲ್ಲ. ಗಾಳಿಯ ವೇಗ ಅಳೆಯುವ ಕೊಳವೆ, ಎಂಜಿನ್ನಿನ ಬಾಯಿ, ಕಿಟಕಿ ಇವಕ್ಕೆ ತಾಕಬಾರದು. ಕೆಳಗೆ ಬಿದ್ದ ಗ್ಲೈಕಾಲ್ ಚರಂಡಿಯಿಂದ ಹೊಳೆಗೆ ಸೇರಿದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ, ಮೀನು ಸಾಯುತ್ತವೆ. ಇದರ ಬಗ್ಗೆ ಅಮೆರಿಕದ ಪರಿಸರ ಇಲಾಖೆ 2012ರಲ್ಲಿ ನಿಯಮ ಮಾಡಿದೆ. ಡೆಟ್ರಾಯಿಟ್ ಮೆಟ್ರೋದಂಥ ದೊಡ್ಡ ನಿಲ್ದಾಣಗಳು ಬಳಸಿದ ದ್ರವವನ್ನು ಕೂಡಿಹಾಕಿ ಮರುಬಳಕೆಗೆ ಕಳಿಸುತ್ತವೆ. ಇದೆಲ್ಲ ಬಿಲ್ಲಿನೊಳಗೇ ಸೇರುತ್ತದೆ. ನಿಲ್ದಾಣದಿಂದ ನಿಲ್ದಾಣಕ್ಕೆ, ಒಂದೇ ನಿಲ್ದಾಣದ ಎರಡು ಕಚೇರಿಗಳಿಗೂ ದರ ಬೇರೆ. ನಾನು ಹೇಳಿದ್ದು ಆ ಒಂದು ದಿನದ ದರ. ಅದೇ ದ್ರವ ಖಾಸಗಿ ಜೆಟ್ಟಿಗಾದರೆ ನೂರಾರು ಗ್ಯಾಲನ್, ಬಿಲ್ಲು ಸಾವಿರಾರು ಡಾಲರ್.

ಇದಕ್ಕಿಂತ ಅಗ್ಗದ ದಾರಿ ಇಲ್ಲವೇ ಎಂದು ಗೃಹಿಣಿಯಾದ ನಾನು ಕೇಳದೆ ಇರುವುದುಂಟೆ? ಇವೆ, ಆದರೆ ಹಿಂದಿನ ರಾತ್ರಿಯೇ ಯೋಚಿಸಬೇಕು. ಮೊದಲನೆಯದು ಬಿಸಿ ಹ್ಯಾಂಗರ್. ರಾತ್ರಿಯೆಲ್ಲ ವಿಮಾನವನ್ನು ಬೆಚ್ಚಗಿನ ಕೊಟ್ಟಿಗೆಯಲ್ಲಿ ಕಟ್ಟಿದ ಹಾಗೆ. ಆ ನಿಲ್ದಾಣದಲ್ಲಿ ಅದಕ್ಕೆ ಒಂದು ರಾತ್ರಿಗೆ 120 ಡಾಲರ್ ಇತ್ತು. ಎಂಜಿನ್ನೂ ಬೆಚ್ಚಗಿರುತ್ತದೆ ಎಂಬುದು ಲಾಭ. ಆದರೆ ಮಂಜು ಹಿಡಿದ ವಿಮಾನವನ್ನು ಒಳಗೆ ತಂದು ಕರಗಿಸಿದರೆ ಚೆನ್ನಾಗಿ ಒರೆಸಿ ಒಣಗಿಸಬೇಕು. ಇಲ್ಲದಿದ್ದರೆ ಹೊರಗೆ ಬಂದೊಡನೆ ಆ ನೀರು ಸಂದುಗೊಂದಿನಲ್ಲಿ ಮತ್ತೆ ಹೆಪ್ಪುಗಟ್ಟಿ ರೆಕ್ಕೆಯ ಕೀಲುಗಳು ತಿರುಗದ ಹಾಗಾಗುತ್ತದೆ. ಬಿಸಿನೀರು ಹೊಯ್ಯಬಾರದು ಎನ್ನುವುದೂ ಇದಕ್ಕೇ. ಎರಡನೆಯದು ರೆಕ್ಕೆಗೆ ಹೊದಿಕೆ. ಒಮ್ಮೆ ದುಡ್ಡು ಹಾಕಿದರೆ ಹಲವು ಚಳಿಗಾಲ ಬರುತ್ತದೆ. ಮೂರನೆಯದು ಮೃದುವಾದ ಪೊರಕೆಯಲ್ಲಿ ಹಿಮ ಗುಡಿಸಿ, ಸೂರ್ಯನ ಕಡೆ ತಿರುಗಿಸಿಟ್ಟು ಕಾಯುವುದು. ಅದಕ್ಕೆ ದುಡ್ಡಿಲ್ಲ, ಹೊತ್ತು ಬೇಕು. ಕೆಲವರು ತಯಾರಕರು ಒಪ್ಪಿದ ದ್ರವವನ್ನು ತೋಟದ ಔಷಧಿ ಸಿಂಪಡಿಸುವ ಪಂಪಿನಲ್ಲಿ ತುಂಬಿ ತಾವೇ ಹೊಡೆದು ಒರೆಸುತ್ತಾರೆ. ಕಾರಿಗೆ ಮಾಡುವಂತೆ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಕೆರೆಯುವಂತಿಲ್ಲ, ಅದು ಬಣ್ಣವನ್ನೂ ಕಿಟಕಿಯನ್ನೂ ಗೀರುತ್ತದೆ. ಯಾವ ದಾರಿಯಾದರೂ ಕೊನೆಗೆ ಬರಿಗೈಯಲ್ಲಿ ಸವರಿ ನೋಡಲೇಬೇಕು. ಕಣ್ಣಿಗೆ ಕಾಣದ ತೆಳು ಪೊರೆ ಬೆರಳಿಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಗೆಳತಿ, "ಕೊಟ್ಟುಬಿಡಿ, ವರ್ಷಕ್ಕೊಂದು ಸಲ ತಾನೇ" ಅಂದಳು. ರಾಯರೂ ಗಾಡಿ ಕರೆಸಲು ಹೊರಟರು. ಕರೆಸುವ ಮುಂಚೆ ಇನ್ನೊಮ್ಮೆ ಹವಾಮಾನ ತೆರೆದು ನೋಡಿದರು. ಮುಖ ಬದಲಾಯಿತು. ಮಿಶಿಗನ್ ಸರೋವರದ ಆಚೆ ದಡ, ಬೆಂಟನ್ ಹಾರ್ಬರಿನಿಂದ ಕಲಮಜೂ ತನಕ, ಹಿಂದಿನ ರಾತ್ರಿ ಚೆದುರಬೇಕಿದ್ದ ಮೋಡ ಹಾಗೇ ಕೂತಿತ್ತು. ಚಳಿಗಾಲದಲ್ಲಿ ಸರೋವರದ ನೀರು ಗಾಳಿಗಿಂತ ಬೆಚ್ಚಗಿರುತ್ತದೆ. ಮೇಲೆ ಹಾದುಹೋಗುವ ತಣ್ಣನೆಯ ಗಾಳಿ ಅದರ ತೇವ ಹೀರಿ ಪೂರ್ವದ ದಡದ ಮೇಲೆ ತಗ್ಗಿನ ಮೋಡ ಕಟ್ಟುತ್ತದೆ. ಆ ಮೋಡದಲ್ಲಿ ಹೆಪ್ಪುಗಟ್ಟುವ ಚಳಿಯಲ್ಲೂ ನೀರಾಗಿಯೇ ಇರುವ ಹನಿಗಳು. ರೆಕ್ಕೆ ತಾಕಿದ ಕೂಡಲೇ ಐಸ್. ಅಲ್ಲಿ ಹಾರಿದ ಬೇರೆ ಪೈಲಟ್ಟರು ಮೋಡದೊಳಗೆ ಐಸ್ ಹಿಡಿಯುತ್ತಿದೆ ಎಂದು ವರದಿ ಮಾಡಿದ್ದರು.

"ಈಗ 340 ಕೊಟ್ಟರೂ ಪ್ರಯೋಜನ ಇಲ್ಲ. ಕೆಳಗೆ ತೊಳೆದದ್ದು ಕೆಳಗೇ ಮುಗೀತು, ಮೇಲೆ ನಮ್ಮನ್ನು ಕಾಯಲ್ಲ" ಅಂದರು ರಾಯರು.

ಈ ಮಾತು ನನಗೆ ಹೊಸದಾಗಿತ್ತು. ಕಿತ್ತಳೆ ದ್ರವ ನೆಲ ಬಿಡುವಾಗಲೇ ಜಾರಿಹೋಗುತ್ತದೆ. ಹಾರುವಾಗ ಹಿಡಿಯುವ ಐಸಿಗೆ ಬೇರೆ ಉಪಕರಣ ಬೇಕು. ಕೆಲವು ವಿಮಾನಗಳ ರೆಕ್ಕೆಯ ಅಂಚಿಗೆ ಉಬ್ಬಿ ಇಳಿಯುವ ರಬ್ಬರಿನ ಪಟ್ಟಿ ಇರುತ್ತದೆ. ಕೆಲವಕ್ಕೆ ಅಂಚಿನ ಸಣ್ಣ ರಂಧ್ರಗಳಿಂದ ಗ್ಲೈಕಾಲ್ ಒಸರುತ್ತದೆ. ರಾಯರ ಸೆಸ್ನಾಕ್ಕೆ ಎರಡೂ ಇಲ್ಲ. ಅಂಥ ವಿಮಾನ ಐಸ್ ಇದೆಯೆಂದು ಗೊತ್ತಿರುವ ಮೋಡಕ್ಕೆ ಹೋಗುವಂತಿಲ್ಲ.

ಉಪಕರಣ ಇದ್ದ ದೊಡ್ಡ ವಿಮಾನಗಳೂ ನಮ್ಮ ಈ ಸೀಮೆಯಲ್ಲೇ ಸೋತಿವೆ. 1994ರ ಅಕ್ಟೋಬರ್ 31ರಂದು ಇಂಡಿಯಾನಾಪೊಲಿಸ್‌ನಿಂದ ಒಹೇರ್‌ಗೆ ಬರುತ್ತಿದ್ದ ಅಮೆರಿಕನ್ ಈಗಲ್ ವಿಮಾನ, ಇಳಿಯಲು ಸರದಿ ಕಾಯುತ್ತ ಹೆಪ್ಪುಗಟ್ಟುವ ತುಂತುರಿನಲ್ಲಿ ಸುಮಾರು ಅರ್ಧ ಗಂಟೆ ಸುತ್ತಿತು. ರಬ್ಬರ್ ಪಟ್ಟಿ ತಲುಪದ ಜಾಗದಲ್ಲಿ ಐಸ್ ದಿಣ್ಣೆ ಕಟ್ಟಿ, ಇಂಡಿಯಾನಾದ ರೋಸ್‌ಲಾನ್ ಬಳಿ ಹೊಲಕ್ಕೆ ಬಿತ್ತು. 68 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 1997ರ ಜನವರಿ 9ರಂದು ಸಿನ್ಸಿನಾಟಿಯಿಂದ ಡೆಟ್ರಾಯಿಟ್‌ಗೆ ಬರುತ್ತಿದ್ದ ಕಾಮ್‌ಏರ್ ವಿಮಾನ ಮಿಶಿಗನ್ನಿನ ಮನ್ರೋ ಬಳಿ ಬಿತ್ತು, 29 ಜನ. ಅಲ್ಲಿ ಹಿಡಿದಿದ್ದು ತೆಳ್ಳನೆಯ ಒರಟು ಐಸ್. ಶಿಕಾಗೋದ ಹೊಸ್ತಿಲಲ್ಲಿ ಒಂದು, ಡೆಟ್ರಾಯಿಟ್ಟಿನ ಹೊಸ್ತಿಲಲ್ಲಿ ಇನ್ನೊಂದು. ನಾವು ಅವತ್ತು ಹೋಗಬೇಕಿದ್ದ ದಾರಿ ಇವೆರಡರ ನಡುವೆಯೇ.

ಏಳೂ ಕಾಲಿಗೆ ಸೂರ್ಯ ಹುಟ್ಟುವ ಹೊತ್ತಿಗೆ ಮಿಠಾಯಿ ಡಬ್ಬಿ ಮತ್ತೆ ಕಾರಿಗೆ ಬಂತು. ಡೆಟ್ರಾಯಿಟ್ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ ಎಂಬುದು ಗ್ಯಾರಿ ದಾಟಿದ ಮೇಲೆ ನೆನಪಾಯಿತು! ನೋವೈ ತಲುಪಿದಾಗ ಅಲ್ಲಿ ಮಧ್ಯಾಹ್ನ ಒಂದೂವರೆ. ಆರತಿ ಮುಗಿದಿತ್ತು. ಪಕ್ಕದ ಮನೆಯ ಗುಜರಾತಿ ಹೆಂಗಸೊಬ್ಬರು ತಾಯಿಯ ಜಾಗದಲ್ಲಿ ಕೂತು ಮಡಿಲು ತುಂಬಿದ್ದರಂತೆ. ನಾನು ಕನ್ನಡದ ಹಾಡು ಹೇಳಿ ಬಳೆ ತೊಡಿಸುವಾಗ ಆ ಹುಡುಗಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಪೆಟ್ರೋಲಿಗೆ ಹೋಗುವಾಗ ಆದದ್ದು ಸುಮಾರು 35 ಡಾಲರ್. ಆದರೆ ಆ ಮುಹೂರ್ತ ತಪ್ಪಿದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ವಾಪಸು ಬರುವಾಗ ಗೆಳತಿ ಹಿಂದೆ ನಿದ್ದೆ ಹೋಗಿದ್ದಳು. ರಾಯರು ಸ್ಟೀರಿಂಗ್ ಹಿಡಿದುಕೊಂಡೇ ಮೆಲ್ಲಗೆ ಹೇಳಿದರು, "ಅಕ್ಕ, ಬೇಜಾರು ಮಾಡ್ಕೋಬೇಡಿ. ನೀವು ಬಟ್ಟೆಯಲ್ಲಿ ಒರೆಸೋಣ ಅಂದಾಗ ಒಂದು ನಿಮಿಷ ಹೌದಲ್ವಾ ಅನ್ನಿಸಿತ್ತು. ಮುನ್ನೂರ ನಲವತ್ತು ಉಳಿಯುತ್ತೆ, ಹನ್ನೊಂದಕ್ಕೆ ತಲುಪಿಸಬಹುದು. ಇಷ್ಟು ತೆಳ್ಳಗಿದೆ, ಏನಾಗತ್ತೆ ಅಂತ. ಏಣಿಯಿಂದ ಇಳಿಯೋವಾಗ ನನಗೇ ಭಯ ಆಯ್ತು, ಐಸಿಗಲ್ಲ, ಹಾಗೆ ಅನ್ನಿಸಿತಲ್ಲ ಅಂತ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಆ ಮೌನದ ಅರ್ಥ ಅದಾಗಿತ್ತು. ಉಳಿತಾಯದ ಬುದ್ಧಿ ನಮ್ಮ ರಕ್ತದಲ್ಲಿದೆ, ಅದು ತಪ್ಪಲ್ಲ. ಆದರೆ ನಾನು ಚೌಕಾಸಿ ಮಾಡಿದ್ದು ಚೌಕಾಸಿ ಮಾಡಬಾರದ ಹೊತ್ತಿನಲ್ಲಿ. ದೊಡ್ಡ ವಿಮಾನದಲ್ಲಿ ಪೈಲಟ್ಟಿಗೆ ಬಿಲ್ಲು ಕಾಣುವುದಿಲ್ಲ, ಪ್ರಯಾಣಿಕರ ಮಾತು ಕೇಳಿಸುವುದಿಲ್ಲ, ಕಂಪನಿಯ ನಿಯಮ ಅವರ ಪರವಾಗಿ ತೀರ್ಮಾನ ಮಾಡಿಟ್ಟಿರುತ್ತದೆ. ಸಣ್ಣ ವಿಮಾನದ ಪೈಲಟ್ ಚಳಿಯಲ್ಲಿ ಒಬ್ಬನೇ ನಿಂತಿರುತ್ತಾನೆ. ಜೇಬು ಅವನದು, ತೀರ್ಮಾನ ಅವನದು, ಪಕ್ಕದಲ್ಲಿ ಗಡಿಯಾರ ನೋಡುವ ನಮ್ಮಂಥವರು.

ಆಮೇಲೆ ಆ ನಾಲ್ವರು ಪಾಲುದಾರರು ಒಂದು ವ್ಯವಸ್ಥೆ ಮಾಡಿಕೊಂಡರು. ನಮ್ಮೂರಿನಲ್ಲಿ ಚೀಟಿ ಹಾಕುತ್ತಾರಲ್ಲ, ಹಾಗೆ. ನವೆಂಬರಿನಿಂದ ಮಾರ್ಚ್ ತನಕ ಐದು ತಿಂಗಳು, ತಿಂಗಳಿಗೆ ತಲಾ 50 ಡಾಲರ್. ಒಟ್ಟು 1,000. ಆ ಹಣ ಮಂಜಿಗೆ ಮಾತ್ರ, ದ್ರವಕ್ಕೋ ಬಿಸಿ ಹ್ಯಾಂಗರಿಗೋ. ಮೊದಲ ವರ್ಷವೇ ರೆಕ್ಕೆಗೆ ಹೊದಿಕೆ ಕೊಂಡರು. ಖರ್ಚಾಗದೆ ಉಳಿದರೆ ಬೇಸಿಗೆಯ ರಿಪೇರಿಗೆ. ಹಣ ಮೊದಲೇ ಕೈಬಿಟ್ಟಿರುವುದರಿಂದ ಬೆಳಿಗ್ಗೆ ಏಣಿಯ ಮೇಲೆ ನಿಂತಾಗ ಅದು ಲೆಕ್ಕಕ್ಕೆ ಬರುವುದಿಲ್ಲ. "ಈಗ ನಾನು ರೆಕ್ಕೆ ಮಾತ್ರ ನೋಡ್ತೀನಿ ಅಕ್ಕ, ಪರ್ಸ್ ನೋಡಲ್ಲ" ಅನ್ನುತ್ತಾರೆ ರಾಯರು.

ಕೇಳುಗರಲ್ಲಿ ವಿಮಾನ ಇಟ್ಟುಕೊಂಡವರು ಕಡಿಮೆ ಇರಬಹುದು. ಆದರೆ "ಬನ್ನಿ, ನಮ್ಮ ವಿಮಾನದಲ್ಲೇ ಹೋಗೋಣ" ಎನ್ನುವ ಗೆಳೆಯರು ನಮ್ಮ ಕೂಟಗಳಲ್ಲಿ ಹೆಚ್ಚುತ್ತಿದ್ದಾರೆ. ಅಂಥವರ ಜೊತೆ ಹೊರಡುವವರಿಗೆ ನನ್ನದು ಮೂರು ಮಾತು. ಹಿಂದಿನ ದಿನವೇ ಕೇಳಿ, "ನಾಳೆ ವಿಮಾನ ಹೊರಡದಿದ್ದರೆ ಏನು ಮಾಡೋಣ?" ಕಾರಿಗೆ ಬೇಕಾದಷ್ಟು ಹೊತ್ತು ಕೈಯಲ್ಲಿ ಇಟ್ಟುಕೊಂಡೇ ಕಾರ್ಯಕ್ರಮ ಒಪ್ಪಿಕೊಳ್ಳಿ. ಎರಡನೆಯದು, ನಿಮ್ಮ ಪಾಲು ಕೊಡಿ. ಖಾಸಗಿ ಪೈಲಟ್ ನಿಮ್ಮಿಂದ ಬಾಡಿಗೆ ತೆಗೆದುಕೊಳ್ಳುವಂತಿಲ್ಲ, ಆದರೆ ಪೆಟ್ರೋಲು, ಎಣ್ಣೆ, ನಿಲ್ದಾಣದ ಖರ್ಚು, ವಿಮಾನದ ಬಾಡಿಗೆ ಇವುಗಳಲ್ಲಿ ತಲಾ ಸಮಪಾಲು ಹಂಚಿಕೊಳ್ಳಲು ಎಫ್‌ಎಎ ನಿಯಮದಲ್ಲಿ ಅವಕಾಶವಿದೆ. ತನ್ನ ಪಾಲನ್ನು ಅವನು ಕೊಡಲೇಬೇಕು. ಮೂರನೆಯದು, ಅವರು ಏಣಿ ಹತ್ತಿ ರೆಕ್ಕೆ ಸವರುವಾಗ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ. ಇದು ನನಗೆ ನಾನೇ ಹೇಳಿಕೊಳ್ಳುವ ಮಾತೂ ಹೌದು.

ಆ ಸೀಮಂತದ ಮಗುವಿಗೆ ಈಗ ಮಾತು ಬಂದಿದೆ. ಕಳೆದ ಬೇಸಿಗೆಯಲ್ಲಿ ರಾಯರ ಸೆಸ್ನಾದಲ್ಲೇ ಹೋಗಿ ನೋಡಿಕೊಂಡು ಬಂದೆವು. ಕೆಳಗೆ ಮಿಶಿಗನ್ ಸರೋವರದ ದಂಡೆ ಫಳಫಳ ಹೊಳೆಯುತ್ತಿತ್ತು, ಸರಿಯಾಗಿ ಎರಡು ಕಾಲು ಗಂಟೆ. ಈ ಚಳಿಗಾಲದ ಸಂಕ್ರಾಂತಿಗೂ ಕರೆದಿದ್ದಾರೆ. ಎಳ್ಳು ಬೆಲ್ಲ ಕಟ್ಟಿಕೊಂಡು ಹೋಗುತ್ತೇವೆ. ಕಾರಿನಲ್ಲೋ ವಿಮಾನದಲ್ಲೋ, ಅವತ್ತಿನ ಬೆಳಿಗ್ಗೆ ರಾಯರ ಬೆರಳು ಹೇಳಬೇಕು.

ಎಲ್ಲರೂ ಬೆಚ್ಚಗಿರಿ.